ಬಲಕ್ಕೆ ಒಂದು ಬಾವಿ

ಮೊಬೈಲಿನ ಅರ್ಜಿಯಲ್ಲಿ ಒಂದು ಖಾನೆ ಇತ್ತು: ಯಾರ ನೆನಪಿಗಾಗಿ ಓಡುತ್ತಿದ್ದೀರಿ? ಮಗಳು ಪಕ್ಕದಲ್ಲಿ ಕೂತು ತುಂಬುತ್ತಿದ್ದಳು. "ಅಜ್ಜನ ಹೆಸರು ಹಾಕ್ಲಾ ಅಪ್ಪಾಜಿ?" ಎಂದಳು. ಹಾಕು ಎಂದೆ. ಅದರ ಕೆಳಗೆ ಇನ್ನೊಂದು ಖಾನೆ: ಅವರ ಬಗ್ಗೆ ಎರಡು ಮಾತು ಬರೆಯಿರಿ. ಅದನ್ನು ಖಾಲಿ ಬಿಡು ಎಂದೆ. "ಅಜ್ಜನ ಬಗ್ಗೆ ಎರಡು ಮಾತೂ ಇಲ್ವಾ?" ಎಂದು ಅವಳು ನನ್ನ ಮುಖ ನೋಡಿದಳು. ಪ್ರಶ್ನೆ ಕೇಳಿ ಮುಖ ನೋಡುವ ಈ ಅಭ್ಯಾಸ ನಮ್ಮ ಮನೆಗೆ ಯಾರಿಂದ ಬಂತು ಎನ್ನುವುದು ನನಗೆ ಗೊತ್ತು. ಕನ್ನಡಕ ಒರೆಸುವ ನೆಪದಲ್ಲಿ ಎದ್ದುಹೋದೆ.

ಅದು ಯಾವುದೋ ಆನ್‌ಲೈನ್ ಓಟ. ತೀರಿಹೋದ ತಂದೆಯದೋ ತಾಯಿಯದೋ ನೆನಪಿನಲ್ಲಿ ನಲವತ್ತೆರಡು ಕಿಲೋಮೀಟರ್ ಓಡಬೇಕು. ನಿಮಗೆ ಬೇಕಾದ ದಾರಿಯಲ್ಲಿ ಓಡಬಹುದು. ಮೊಬೈಲು ಜೊತೆಗಿದ್ದರೆ ದೂರವನ್ನು ಅದೇ ಅಳೆದು ಕಳಿಸುತ್ತದೆ, ಆಮೇಲೆ ಮನೆಗೆ ಪದಕ ಬರುತ್ತದೆ. ಬರುತ್ತದೆಯೋ ಇಲ್ಲವೋ, ನಾನಂತೂ ನಂಬಿರಲಿಲ್ಲ. ನನಗೀಗ ನಲವತ್ತೆಂಟು. ಶಿಕಾರಿಪುರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತೇನೆ. ಸುಟ್ಟು ಕರಕಲಾದ ಮೋಟಾರು ತಂದಿಟ್ಟು "ನಿನ್ನೆ ಸಂಜೆ ತನಕ ಚೆನ್ನಾಗಿ ಓಡ್ತಿತ್ತು ರೀ" ಎನ್ನುವ ಯಾರನ್ನೂ ನಾನು ನಂಬುವುದಿಲ್ಲ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ನಡೆಯಿರಿ ಎಂದರು. ಬರೀ ನಡೆದರೆ ಸಾಕು ಎಂದದ್ದನ್ನೂ ನಂಬದೆ ಕಾಲೇಜು ಮೈದಾನದಲ್ಲಿ ಓಡಲು ಶುರುಮಾಡಿದೆ. ಆರು ವರ್ಷವಾಯಿತು.

ದಾರಿಯನ್ನು ಮಾತ್ರ ನಾನೇ ಆರಿಸಿದೆ. ನಮ್ಮ ಮನೆಯ ಬಾಗಿಲಿಂದ ಶಿರಾಳಕೊಪ್ಪದ ಮೇಲೆ ಹಾದು ಸೊರಬದ ಅಂಚಿನಲ್ಲಿರುವ ವೀರಭದ್ರನ ಗುಡಿಯವರೆಗೆ. ಅದು ನಮ್ಮ ಅವ್ವನ ತವರಿನ ದೇವರು. "ಅಷ್ಟು ದೂರ ಯಾಕೆ, ಮೈದಾನದಲ್ಲೇ ಸುತ್ತು ಹೊಡಿರಿ" ಎಂದಳು ಹೆಂಡತಿ. "ಆ ದಾರಿ ಚೆನ್ನಾಗಿದೆ" ಎಂದೆ. ಆ ದಾರಿಯಲ್ಲಿ ಒಂದು ಬಾವಿ ಹುಡುಕಬೇಕಿತ್ತು ಎಂದು ಯಾರ ಮುಂದೆ ಹೇಳಲಿ?

ಬಾವಿಯ ಕಥೆ ಹೇಳಬೇಕಾದರೆ ಅಪ್ಪನ ಕೆಲಸದ ಬಗ್ಗೆ ಮೊದಲು ಹೇಳಬೇಕು. ಅಪ್ಪ ಖಾಸಗಿ ಬಸ್ಸಿನ ಚೆಕಿಂಗ್. ನಮ್ಮ ಕಡೆ ಹಾಗೇ ಹೇಳುವುದು, "ಅವರು ಚೆಕಿಂಗ್." ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ದಾರಿಯಲ್ಲಿ ಯಾವುದೋ ಒಂದು ಸ್ಟಾಪಿನಲ್ಲಿ ಬಸ್ಸು ಹತ್ತಿ, ಟಿಕೆಟ್ ಇಲ್ಲದವರನ್ನೂ ಟಿಕೆಟ್ ಹರಿಯದ ಕಂಡಕ್ಟರುಗಳನ್ನೂ ಹಿಡಿಯುವುದು ಅವನ ಕೆಲಸ. ಸಂಬಳ ಬರುತ್ತಿದ್ದದ್ದೇ ಸಂಶಯಪಡುವುದಕ್ಕೆ. ಅನುಮಾನ ಬಂದ ಪ್ರಯಾಣಿಕನನ್ನು "ಎಲ್ಲಿ ಹತ್ತಿದ್ರಿ?" ಎಂದು ಕೇಳುತ್ತಿದ್ದ. "ಇಲ್ಲೇ ರೀ, ಹಿಂದಿನ ಸ್ಟಾಪಿನಾಗೆ" ಎಂದು ಅವನು ಹೇಳಿದರೆ, ಅಪ್ಪ ಬಹಳ ಸ್ನೇಹದಿಂದ, "ಹೌದಾ? ಹಿಟ್ಟಿನ ಗಿರಣಿ ಮುಂದೆ ನಿಂತಿದ್ರಲ್ಲ, ಮಿಷಿನ್ ಶುರು ಆಗಿತ್ತಾ?" ಎನ್ನುತ್ತಿದ್ದ. ಆ ಸ್ಟಾಪಿನಲ್ಲಿ ಹಿಟ್ಟಿನ ಗಿರಣಿಯೇ ಇರುತ್ತಿರಲಿಲ್ಲ. "ಹೂಂ ರೀ, ಶುರು ಆಗಿತ್ತು" ಎಂದವನ ಕಥೆ ಅಲ್ಲಿಗೆ ಮುಗಿದಂತೆ.

ಆದರೆ ಮುಗಿದದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಅಪ್ಪ ಕೂಗಾಡುತ್ತಿರಲಿಲ್ಲ. ಹೋಗಿ ಅವನ ಪಕ್ಕದಲ್ಲೇ ಕೂರುತ್ತಿದ್ದ. ಮಳೆ ಬೆಳೆಯ ಮಾತಾಡುತ್ತಿದ್ದ, ನಡುವೆ ಒಮ್ಮೆ ಗಿರಣಿಯ ಸುದ್ದಿ ತೆಗೆಯುತ್ತಿದ್ದ. ಇಳಿಯುವ ಊರು ಹತ್ತಿರ ಬರುವಷ್ಟರಲ್ಲಿ ಮುಕ್ಕಾಲು ಪಾಲು ಜನ ತಾವಾಗಿಯೇ, "ತಪ್ಪಾತು ರೀ, ನಾ ಶಿಕಾರಿಪುರದಾಗೇ ಹತ್ತಿದ್ದು" ಎಂದು ಟಿಕೆಟ್ ತೆಗೆಸುತ್ತಿದ್ದರಂತೆ. ಅಂಥವರಿಗೆ ದಂಡವಿಲ್ಲ. "ಬಾಯಿ ಬಿಡಾಕೆ ಇಳಿಯೋ ತನಕ ಟೈಮ್ ಕೊಡ್ಬೇಕು" ಎನ್ನುವುದು ಅಪ್ಪನ ಕಾನೂನು. ಕೊನೆಯವರೆಗೂ ಬಾಯಿ ಬಿಡದೆ ಇಳಿದವನನ್ನು ತಡೆಯುತ್ತಿರಲಿಲ್ಲ, ಕಿಟಕಿಯಿಂದ ಅವನ ಬೆನ್ನನ್ನೇ ನೋಡುತ್ತಾ ಕೂರುತ್ತಿದ್ದ. ಇದಕ್ಕಾಗಿ ಮಾಲೀಕರಿಂದ ಬೈಸಿಕೊಂಡದ್ದೂ ಉಂಟು. ಊಟಕ್ಕೆ ಕೂತಾಗ ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದ, ನಾನೂ ತಮ್ಮನೂ ಬಿದ್ದು ಬಿದ್ದು ನಗುತ್ತಿದ್ದೆವು.

ನನಗೆ ಹದಿನೇಳು ತುಂಬಿದ ವರ್ಷ ಅಪ್ಪನಿಗೆ ಕಾಮಾಲೆ ಬಂತು. ಕಣ್ಣು, ಉಗುರು, ಹೊದ್ದ ಪಂಚೆ ಎಲ್ಲ ಹಳದಿ. ಆಸ್ಪತ್ರೆಯೂ ಆಯಿತು, ನಾಟಿ ಔಷಧಿಯೂ ಆಯಿತು. ಒಂದು ಬೆಳಿಗ್ಗೆ ಅವ್ವ ತಲೆಗೆ ನೀರು ಹಾಕಿಕೊಂಡು ಬಂದು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಜಗುಲಿಯ ಮೇಲಿಟ್ಟು ಹರಕೆ ಹೊತ್ತಳು: ಇವರು ಎದ್ದು ಕೂತರೆ ನಮ್ಮ ಹಿರಿಮಗ ಬರಿಗಾಲಲ್ಲಿ ಸೊರಬದವರೆಗೆ ನಡೆದು ಬಂದು ಈ ಮುಡಿಪು ಒಪ್ಪಿಸುತ್ತಾನೆ. ಹರಕೆ ಅವ್ವನದು, ಕಾಲು ನನ್ನವು. ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ತಿಂಗಳೊಳಗೆ ಅಪ್ಪ ಎದ್ದು ಕೂತ. ಅವ್ವ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು, "ನಡುವೆ ಗಾಡಿಗೀಡಿ ಹತ್ತಬ್ಯಾಡ. ಹತ್ತಿದ್ರೆ ಹರಕೆ ಉಳೀತದೆ. ಉಳಿದ ಹರಕೆ ಮನೇಲಿ ಯಾರನ್ನಾದ್ರೂ ಹುಡ್ಕಿಕೊಂಡು ಬರ್ತದೆ" ಎಂದು ಹೇಳಿ ಕಳಿಸಿದಳು.

ಶಿರಾಳಕೊಪ್ಪದವರೆಗೆ ನಡೆದೆ. ಅಷ್ಟು ಮಾತ್ರ ನಿಜ. ಬಿಸಿಲೇರಿತ್ತು, ಡಾಂಬರು ಸುಡುತ್ತಿತ್ತು, ಅಂಗಾಲಿನಲ್ಲಿ ಕೆಂಡ ಇಟ್ಟಂತಿತ್ತು. ಅಕ್ಕಿ ಗಿರಣಿಯ ಮುಂದೆ ಒಂದು ಲಾರಿ ಹೊಟ್ಟು ತುಂಬಿಕೊಂಡು ಸೊರಬದ ಕಡೆಗೆ ಹೊರಡುತ್ತಿತ್ತು. ಬಸ್ಸಾಗಿದ್ದರೆ ಹತ್ತುತ್ತಿರಲಿಲ್ಲ. ಆ ದಾರಿಯ ಪ್ರತಿ ಕಂಡಕ್ಟರಿಗೂ ನಾನು ಚೆಕಿಂಗ್ ಮಗ ಎಂದು ಗೊತ್ತು. ಲಾರಿಯವನಿಗೆ ನಾನು ಯಾರೋ. ಹೊಟ್ಟಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಾ ಹೋದೆ. ಊರಿಗೆ ಸ್ವಲ್ಪ ಮೊದಲು ಇಳಿದು, ಕಾಲಿಗೆ ದೂಳು ಮೆತ್ತಿಕೊಂಡು, ಕುಂಟುತ್ತಾ ಗುಡಿ ಸೇರಿ ಮುಡಿಪು ಒಪ್ಪಿಸಿದೆ. ಆ ದಿನ ಸೋದರಮಾವನ ಮನೆಯಲ್ಲಿ ಉಳಿದು ಮರುದಿನ ಬಸ್ಸಿನಲ್ಲಿ ಊರಿಗೆ ಬಂದೆ. ಅಂಗಿಯಲ್ಲಿ ಹೊಟ್ಟು ಸಿಕ್ಕಾಗ ಅವ್ವ "ಇದೇನೋ?" ಎಂದಳು. ಮಾವನ ಮನೆಯ ಕಣದಲ್ಲಿ ಮಲಗಿದ್ದೆ ಎಂದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಅಂತಾರಲ್ಲ, ಎರಡನೆಯದು ಅಷ್ಟು ಬೇಗ ಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಸಂಜೆ ಅಪ್ಪ ಮಂಚದ ಮೇಲಿಂದ ಕರೆದ. ಕಣ್ಣಿನ ಹಳದಿ ಪೂರ್ತಿ ಇಳಿದಿರಲಿಲ್ಲ. "ಬಾ ಇಲ್ಲಿ. ಕಾಲು ತೋರ್ಸು" ಎಂದ. ತೋರಿಸಿದೆ. ಬೊಬ್ಬೆಗಳು ಇರಲಿಲ್ಲ, ಸುಮ್ಮನೆ ಕೆಂಪಗಾಗಿದ್ದವು. ಅಂಗಾಲಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ. ಆಮೇಲೆ ಬಹಳ ಸ್ನೇಹದಿಂದ ಕೇಳಿದ: "ಶಿರಾಳಕೊಪ್ಪ ದಾಟಿ ಮುಂದೆ ದೊಡ್ಡ ತಿರುವು ಬರ್ತದಲ್ಲ, ಅಲ್ಲಿ ಬಲಕ್ಕೆ ಒಂದು ಬಾವಿ ಐತೆ. ನೀರು ಕುಡಿದ್ಯಾ?"

"ಕುಡಿದೆ" ಎಂದೆ. "ತಣ್ಣಗಿತ್ತು."

"ಹಂ" ಎಂದ ಅಪ್ಪ. ನನ್ನ ಮೊಣಕಾಲು ತಟ್ಟಿ ಆ ಕಡೆ ಹೊರಳಿ ಮಲಗಿದ.

ಗಿರಣಿಗಳ ಕಥೆ ಕೇಳಿ ಬೆಳೆದವನು ನಾನು. ಊಟಕ್ಕೆ ಕೂತಾಗಲೂ ತಲೆಯಲ್ಲಿ ಅದೇ ಲೆಕ್ಕ. ಅದು ನಿಜವಾದ ಬಾವಿಯೋ, ಅಪ್ಪನ ಬಾವಿಯೋ? ನಿಜವಾಗಿಯೂ ಅಲ್ಲಿ ಬಾವಿ ಇದ್ದರೆ ಅಪ್ಪ ನನ್ನನ್ನು ನಂಬಿದ್ದಾನೆ. ಇಲ್ಲದಿದ್ದರೆ ಅವನಿಗೆ ಆ ಸಂಜೆಯೇ ಎಲ್ಲ ಗೊತ್ತಾಗಿದೆ. ಹೋಗಿ ನೋಡಿದ್ದರೆ ಒಂದೇ ದಿನದಲ್ಲಿ ತಿಳಿಯುತ್ತಿತ್ತು. ನಾನು ನೋಡಲಿಲ್ಲ. ಆಮೇಲೆ ಆ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ, ಮಾವನ ಮನೆಯ ಮದುವೆ, ಮುಂಜಿ, ಮಣ್ಣು ಅಂತ. ಬಸ್ಸಿನಲ್ಲಿ ಹೋಗುವಾಗ ಎಡಗಡೆಯ ಸೀಟು, ಬರುವಾಗ ಬಲಗಡೆಯದು ಹಿಡಿಯುತ್ತಿದ್ದೆ. ಅದು ಸಿಗದಿದ್ದರೆ ತಿರುವು ಬರುವ ಮುಂಚೆ ಕಣ್ಣು ಮುಚ್ಚುತ್ತಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನು. ತಿಳಿಯದೆ ಇರುವ ತನಕ ಅರ್ಧ ಸುಳ್ಳುಗಾರ, ತಿಳಿದರೆ ಪೂರ್ತಿ.

ಅಪ್ಪನೂ ಬಿಡಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ನಾನು ನೆಮ್ಮದಿಯಾಗಿರುವ ಹೊತ್ತು ನೋಡಿ, ಅದನ್ನು ತೆಗೆಯುತ್ತಿದ್ದ. ನನ್ನ ಅಂಗಡಿ ಪೂಜೆಯ ದಿನ ಬಾಳೆಕಂಬ ಕಟ್ಟುತ್ತಾ, "ಆ ಬಾವಿ ನೀರು ತಣ್ಣಗಿತ್ತು ಅಂದಿದ್ದೆ, ಅಲ್ಲನೋ?" ಎಂದ. ಮಗಳು ಹುಟ್ಟಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಕೇಳಿದ. "ಹೌದು" ಎನ್ನುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ, ಹೆಗಲು ಮುಟ್ಟದೆ ಇರುವುದನ್ನು ಕಷ್ಟಪಟ್ಟು ಕಲಿತಿದ್ದೆ. ಆದರೆ ಮನೆಯಲ್ಲಿ ಏನೇ ಕೆಟ್ಟದಾದರೂ ನನಗೆ ಅವ್ವನ ಮಾತು ನೆನಪಾಗುತ್ತಿತ್ತು. ತಮ್ಮ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಅವ್ವನ ಒಂದು ಕಣ್ಣಿನ ಆಪರೇಷನ್ ಕೆಟ್ಟಾಗ, ಉಳಿದ ಹರಕೆ ಹುಡುಕಿಕೊಂಡು ಬಂತೇ ಎಂದು ಒಳಗೊಳಗೇ ಸಾಯುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಹೋದ ವರ್ಷ ಅಪ್ಪ ಮತ್ತೆ ಮಲಗಿದ. ಶಿವಮೊಗ್ಗದಲ್ಲಿ ಡಾಕ್ಟರು "ಲಿವರ್" ಎಂದರು. ಅದೇ ರೋಗ, ಅದೇ ಹಳದಿ ಕಣ್ಣು, ಹುಡುಕಿಕೊಂಡು ಬಂದೇಬಿಟ್ಟಿತು. ತೀರಿಹೋಗುವ ಎರಡು ದಿನ ಮೊದಲು ಅಪ್ಪ ನನ್ನ ಕೈ ಹಿಡಿದುಕೊಂಡು "ಆ ಬಾವಿ..." ಎಂದ. ಅಷ್ಟೇ ಎಂದದ್ದು. ನನಗೆ ಸಿಟ್ಟು ಬಂತು. ನಿದ್ದೆಗೆಟ್ಟಿದ್ದೆ, ಹೆದರಿದ್ದೆ, ಅದೆಲ್ಲ ನೆಪ. "ಎಷ್ಟು ಸಲ ಕೇಳ್ತೀಯಪ್ಪಾ? ತಣ್ಣಗಿತ್ತು. ತಣ್ಣಗಿತ್ತು ಅಂದ್ನಲ್ಲ" ಎಂದು ರೇಗಿದೆ. ಪಕ್ಕದ ಮಂಚದವರು ತಿರುಗಿ ನೋಡಿದರು. ಅಪ್ಪ ಕೈ ಬಿಡಲಿಲ್ಲ. "ಹಂ" ಎಂದ.

ಇದನ್ನೆಲ್ಲ ಮೊಬೈಲಿನ ಖಾನೆಯಲ್ಲಿ ಎರಡು ಮಾತಿನಲ್ಲಿ ಹೇಗೆ ಬರೆಯಲಿ?

ವರ್ಷದ ಪುಣ್ಯಸ್ಮರಣೆಗೆ ಒಂದು ವಾರ ಇರುವಾಗ, ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟೆ. ಬೂಟು, ತೋಳಿಗೆ ಕಟ್ಟಿದ ಮೊಬೈಲು, ಸೊಂಟದಲ್ಲಿ ನೀರು. ಹೊಲ ನೋಡಿಕೊಂಡಿರುವ ನನ್ನ ತಮ್ಮ ಬಾಳೆಹಣ್ಣಿನ ಚೀಲ ಸಿಕ್ಕಿಸಿಕೊಂಡು ಬೈಕಿನಲ್ಲಿ ಹಿಂದೆ ಬಂದ. ನಾನು ಕರೆದಿರಲಿಲ್ಲ. ಭಾನುವಾರ ಎಂಟರ ಮೊದಲು ಹಾಸಿಗೆ ಬಿಡದವನು ಇವತ್ತು ನಾಲ್ಕೂವರೆಗೆ ಸ್ನಾನ ಮಾಡಿ ನಿಂತಿದ್ದಾನೆ ಎಂದರೆ ಏನೋ ಇದೆ. ಅವ್ವ ಬೇರೆ ಒಂಬತ್ತರ ಬಸ್ಸಿಗೆ ಸೊರಬಕ್ಕೆ ಬಂದು ಗುಡಿಯಲ್ಲಿ ಕಾಯುತ್ತೇನೆ ಎಂದಿದ್ದಳು. ಇವನನ್ನು ನನ್ನ ಮೇಲೆ ಚೆಕಿಂಗ್ ಬಿಟ್ಟಿದ್ದಾಳೆಯೇ? ಕೇಳಿಯೇಬಿಟ್ಟೆ.

"ಅವ್ವ ಕಳಿಸಿದ್ಲೇನೋ?"

"ಹೂಂ ಅಣ್ಣ. ಶುಗರ್ ಇರೋನು, ದಾರೀಲಿ ಬಿದ್ದುಗಿದ್ದಾನು, ಹಿಂದಿಂದೇ ಹೋಗು ಅಂದ್ಲು."

ಈ ಉತ್ತರವನ್ನೂ ಅರ್ಧ ಗಂಟೆ ತಿರುಗಿಸಿ ತಿರುಗಿಸಿ ನೋಡಿದೆ.

ನಮ್ಮ ಕಡೆ ರಸ್ತೆಯಲ್ಲಿ ಕಾಲಿನ ಮೇಲೆ ಹೋಗುವವನನ್ನು ಕಂಡರೆ ಯಾರೂ ಗಾಡಿ ನಿಲ್ಲಿಸದೆ ಹೋಗುವುದಿಲ್ಲ. ನಿಲ್ಲಿಸಿದಾಗ ಹತ್ತದಿದ್ದರೆ ಅದು ಅವಮಾನ. ಬೆಳಕು ಹರಿದ ಮೇಲೆ ಏಳು ಜನ ನನಗಾಗಿ ಗಾಡಿ ನಿಲ್ಲಿಸಿದರು. ಉಡುತಡಿಯ ಕಡೆ ತಿರುಗುವಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮುದುಕರು ಮೊಪೆಡ್ ನಿಧಾನ ಮಾಡಿ, "ಯಾಕ್ರೀ ಓಡ್ತೀರಿ? ಯಾರಾದ್ರೂ ಅಟ್ಟಿಸ್ಕಂಡು ಬಂದಾರೇನು?" ಎಂದು ನನ್ನ ಹಿಂದೆ ಬರುತ್ತಿದ್ದ ತಮ್ಮನನ್ನು ದುರುಗುಟ್ಟಿ ನೋಡಿದರು.

"ಇಲ್ಲ ರೀ, ಸುಮ್ನೆ. ನಮ್ಮ ಅಪ್ಪನ ನೆನಪಿಗೆ."

"ಅಪ್ಪನ ನೆನಪಿಗೆ ಊಟ ಹಾಕಸ್ತಾರೆ. ಓಡ್ತಾರೇನ್ರೀ?" ಎಂದರು. "ಹತ್ರಿ, ಹತ್ರಿ. ಮುಂದೆ ಬಿಡ್ತೀನಿ."

ಬೇಡ ಎಂದೆ. ಅವರ ಮುಖ ಸಣ್ಣದಾಯಿತು. ಕ್ಯಾನಿನ ವಾಸನೆಗೆ ಹತ್ತಲಿಲ್ಲ ಎಂದುಕೊಂಡರೋ ಏನೋ, ಗುರ್ ಎಂದು ಹೊರಟುಹೋದರು. ತಾಳಗುಂದದ ಕಡೆಗೆ ಮೆಕ್ಕೆಜೋಳ ತುಂಬಿಕೊಂಡು ಹೊರಟ ಟ್ರ್ಯಾಕ್ಟರಿನವನೂ ನಿಲ್ಲಿಸಿ ಹಿಂದೆ ಜಾಗ ಇದೆ ಎಂದು ಕೈ ತೋರಿಸಿದ. ಮೂವತ್ತೊಂದು ವರ್ಷದ ಹಿಂದೆ ಒಬ್ಬನೂ ನಿಲ್ಲಿಸಿರಲಿಲ್ಲ, ಲಾರಿಯವನ ಹತ್ತಿರ ನಾನೇ ಗೋಗರೆದಿದ್ದೆ. ಇವತ್ತು ಯಾರೋ ಬೇಕೆಂದೇ ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದಾರೆ ಎನ್ನಿಸಿತು. ಯಾರು ಎಂದು ಯೋಚಿಸಲು ಧೈರ್ಯವಾಗಲಿಲ್ಲ.

ಎಂಟಕ್ಕೆ ಶಿರಾಳಕೊಪ್ಪ. ಅಕ್ಕಿ ಗಿರಣಿ ಇದ್ದ ಜಾಗದಲ್ಲಿ ಈಗ ಟೈರಿನ ಅಂಗಡಿ. ಅದರ ಮುಂದೆ ಕೂತು ಬೂಟು, ಕಾಲುಚೀಲ ಬಿಚ್ಚಿದೆ.

"ಯಾಕಣ್ಣ?" ಎಂದ ತಮ್ಮ.

"ಕಚ್ತಾವೆ."

"ಒಂದು ವರ್ಷದ ಬೂಟು ಇವತ್ತು ಕಚ್ತಾವಾ?"

ಅಪ್ಪನ ಮಗನೇ ಇವನು. ಬೂಟುಗಳನ್ನು ಅವನ ಕೈಗೆ ಕೊಟ್ಟೆ. ಮೊಬೈಲಿನ ಪಟ್ಟಿ ತೋಳನ್ನು ತಿಕ್ಕಿ ಗಾಯ ಮಾಡಿತ್ತು, ಅದನ್ನೂ ಬಿಚ್ಚಿ ಕೊಟ್ಟೆ. "ಮುಂದೆ ಹೋಗಿ ಎಲ್ಲಾದ್ರೂ ಎಳನೀರು ಸಿಗ್ತದಾ ನೋಡು. ನಾ ಬರ್ತೀನಿ" ಎಂದು ಸಾಗಹಾಕಿದೆ. ಆ ತಿರುವಿನಲ್ಲಿ ನಾನು ಬಾವಿ ಹುಡುಕುವುದನ್ನು ಇವನು ನೋಡುವುದು ನನಗೆ ಬೇಕಿರಲಿಲ್ಲ.

ಬರಿಗಾಲಲ್ಲಿ ಓಡುವುದು ಸಾಧ್ಯವಾಗಲಿಲ್ಲ. ನೂರು ಹೆಜ್ಜೆ ಓಡಿ, ಇನ್ನೂರು ಹೆಜ್ಜೆ ನಡೆದು, ಹಾಗೆ ಹೋದೆ. ರಸ್ತೆಯ ಅಂಚಿನ ಜಲ್ಲಿ ಒಂದೊಂದೂ ಲೆಕ್ಕಕ್ಕೆ ಸಿಗುತ್ತಿತ್ತು. ತಿರುವು ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಬಲಕ್ಕೆ ನೋಡಿದೆ.

ಬೋಳು ದಿಬ್ಬ. ಕೆಂಪು ಜಂಬಿಟ್ಟಿಗೆ ನೆಲ, ನಾಲ್ಕು ಲಂಟಾನದ ಪೊದೆ. ಬಾವಿ ಇಲ್ಲ. ಮುಚ್ಚಿರಬಹುದು ಎಂದುಕೊಂಡೆ. ಬಾವಿ ಮುಚ್ಚಿದರೆ ಕಟ್ಟೆಯ ಕಲ್ಲಾದರೂ ಉಳಿಯುತ್ತದೆ, ಗುಂಡಿಯಾದರೂ ಕುಸಿದಿರುತ್ತದೆ. ಪೊದೆಗಳ ಹಿಂದೆ ಹೋಗಿ ಕಾಲಿನಿಂದ ನೆಲ ಕೆದಕಿ ನೋಡಿದೆ. ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ವಯಸ್ಸಾದ ಹೆಂಗಸು ಕೋಲು ಹಿಡಿದು ಹತ್ತಿರ ಬಂದರು.

"ಏನ್ ಹುಡುಕ್ತೀರಿ?"

"ಇಲ್ಲಿ ಒಂದು ಬಾವಿ ಇತ್ತಂತಲ್ಲ ಅಮ್ಮಾ."

"ಯಾರಂದ್ರು? ನೀವು ರಸ್ತೆ ಅಗಲ ಮಾಡೋ ಕಡೆಯೋರಾ?" ನನ್ನ ಬರಿಗಾಲು, ಚಡ್ಡಿ, ಎರಡನ್ನೂ ಅನುಮಾನದಿಂದ ನೋಡಿದರು. "ಈಗ ಬಾವಿ ಅಂತೀರಿ, ಆಮೇಲೆ ಪಹಣಿ ತೋರ್ಸಿ ಅಂತೀರಿ."

"ಇಲ್ಲಮ್ಮ, ನಾನು ಮೋಟಾರು ರಿಪೇರಿಯವನು. ನಮ್ಮಪ್ಪ ಹೇಳ್ತಿದ್ದ, ಇಲ್ಲಿ ಬಲಕ್ಕೆ ಬಾವಿ ಐತೆ ಅಂತ. ಮೂವತ್ತು ವರ್ಷದ ಹಿಂದಿನ ಮಾತು."

"ನಾನು ಮದುವೆಯಾಗಿ ಈ ಊರಿಗೆ ಬಂದು ಐವತ್ತು ವರ್ಷ ಆತು. ಇದು ಕಲ್ಲು. ಇಲ್ಲಿ ಯಾರು ಬಾವಿ ತೋಡ್ತಾರೆ? ನಾವು ಕುಡಿಯೋ ನೀರು ಕೆರೆ ಆ ಕಡೆಯಿಂದ ಹೊತ್ತಿದ್ದು." ಎಮ್ಮೆಯ ಕಡೆ ಕೋಲು ಬೀಸಿ, "ನಿಮ್ಮಪ್ಪ ನಿಮಗೆ ಸುಳ್ಳು ಹೇಳ್ಯಾರೆ ನೋಡ್ರಿ" ಎಂದರು.

ದಿಬ್ಬದ ಮೇಲೆ ಕೂತುಬಿಟ್ಟೆ. ಅಪ್ಪನಿಗೆ ಗೊತ್ತಿತ್ತು. ಆ ಸಂಜೆ, ಕಾಲು ಮುಟ್ಟಿ ನೋಡಿದ ಆ ಗಳಿಗೆಯಿಂದಲೇ ಗೊತ್ತಿತ್ತು. ಮೂವತ್ತು ವರ್ಷ ನನ್ನ ಮೇಲೆ ಸಂಶಯಪಟ್ಟ ಎಂದು ನಾನು ಒಳಗೇ ಮುನಿಸಿಕೊಂಡಿದ್ದೆನಲ್ಲ, ಅವನಿಗೆ ಸಂಶಯವೇ ಇರಲಿಲ್ಲ. ನನ್ನ ಪಕ್ಕದಲ್ಲಿ ಬಂದು ಕೂತಿದ್ದ, ಅಷ್ಟೇ. ಅಂಗಡಿ ಪೂಜೆಯಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ, ಮತ್ತೆ ಮತ್ತೆ ಬಾಯಿ ಬಿಡಲು ಟೈಮ್ ಕೊಟ್ಟ. ಕೊನೆಗೆ ಇಳಿಯುವ ಸ್ಟಾಪು ಬಂದದ್ದು ಅವನದು. ಆಗಲೂ ಕೈ ಹಿಡಿದು ಕೇಳಿದ, ನಾನು ರೇಗಿದೆ. ಮೊದಲು ಅವನ ಮೇಲೆ ಕೋಪ ಬಂತು. ಕೆನ್ನೆಗೆ ಎರಡು ಬಾರಿಸಿ ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನಲ್ಲ ಎಂದು. ಆಮೇಲೆ ಅಳು ಬಂತು. ಆ ಹೆಂಗಸು ಗಾಬರಿಯಾಗಿ, "ಬಾವಿ ಇಲ್ಲದಿದ್ರೇನಾತು, ನೀರು ಬೇಕಾ?" ಎಂದು ತಮ್ಮದೇ ಬಾಟಲಿ ಕೊಟ್ಟರು. ಕುಡಿದೆ. ಬಿಸಿಲಿಗೆ ಬೆಚ್ಚಗಾಗಿತ್ತು.

ಅಲ್ಲಿಂದ ಮುಂದಿನ ದಾರಿ ಹೆಚ್ಚು ನೆನಪಿಲ್ಲ. ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದು ಒಡೆದವು. ಜಡೆ ಊರಿನ ಬೋರ್ಡು ಹಾಕಿಕೊಂಡ ಬಸ್ಸೊಂದು ಪಕ್ಕದಲ್ಲಿ ನಿಂತು ಕಂಡಕ್ಟರು ಬಾಗಿಲು ತೆರೆದು ಹಿಡಿದದ್ದು ನೆನಪಿದೆ. ತಮ್ಮ ಎಳನೀರು ಹಿಡಿದು ಎದುರಿಗೆ ಬಂದು, ನನ್ನ ಕಾಲು ನೋಡಿ, ಬೈಕು ಹತ್ತು ಎಂದು ಜಗಳವಾಡಿದ. ಹತ್ತಲಿಲ್ಲ. ಆಮೇಲೆ ಅವನೇ ಬೈಕು ತಳ್ಳಿಕೊಂಡು ನನ್ನ ಜೊತೆ ನಡೆದ. ಗುಡಿ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕೂರಿಸಿ, ಪೂಜಾರಿಯ ಹತ್ತಿರ ದೀಪದ ಎಣ್ಣೆ ಇಸಿದುಕೊಂಡು ಬಂದಳು. ಒಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಹಚ್ಚತೊಡಗಿದಳು. ಒಂದೇ ಕಣ್ಣು ಸರಿಯಾಗಿ ಕಾಣುತ್ತದೆ ಅವಳಿಗೆ, ಬೆರಳಲ್ಲೇ ಬೊಬ್ಬೆ ಹುಡುಕುತ್ತಿದ್ದಳು.

"ನಿಮ್ಮಪ್ಪನ ಕಾಲೂ ಹಿಂಗೇ ಆಗಿದ್ವು" ಎಂದಳು.

"ಯಾವಾಗ?"

"ನೀನು ಹರಕೆ ತೀರಿಸಿ ಬಂದ್ಯಲ್ಲ, ಅದಾಗಿ ತಿಂಗಳಿಗೆ. ಕಾಮಾಲೆ ಬಿಟ್ಟ ಮ್ಯಾಲೆ ಮೊದಲ ದಿನ ಡ್ಯೂಟಿಗೆ ಹೋದೋರು ಅವತ್ತು ಬರಲೇ ಇಲ್ಲ. ಮಾರನೇ ದಿನ ಬಂದ್ರು. ಚಪ್ಪಲಿ ಚೀಲದಾಗೆ, ಕಾಲೆಲ್ಲ ರಕ್ತ. ಸೊರಬದ ದಾರೀಲಿ ಬಸ್ಸು ಕೆಟ್ಟಿತ್ತು, ನಡಕಂಡು ಹೋದೆ ಅಂದ್ರು. ಮೈಯಾಗೆ ಇನ್ನೂ ಶಕ್ತಿ ಇರ್ಲಿಲ್ಲ. ನಾ ಬಸ್ಸಿನೋರಿಗೆ ಎಷ್ಟು ಬೈದೆ ಗೊತ್ತಾ?"

ಆ ದಾರಿಯಲ್ಲಿ ಒಂದು ಬಸ್ಸು ಕೆಟ್ಟರೆ ಅರ್ಧ ಗಂಟೆಗೆ ಇನ್ನೊಂದು ಬರುತ್ತದೆ. ಚೆಕಿಂಗ್ ಕೈ ಅಡ್ಡ ಹಿಡಿದರೆ ಯಾವ ಬಸ್ಸಾದರೂ ನಿಲ್ಲುತ್ತದೆ. ಬಸ್ಸು ಕೆಟ್ಟಿತೆಂದು ಯಾರೂ ಚಪ್ಪಲಿ ಬಿಚ್ಚಿ ಚೀಲದಲ್ಲಿಟ್ಟುಕೊಂಡು ನಡೆಯುವುದಿಲ್ಲ. ನನ್ನಿಂದ ಉಳಿದ ಹರಕೆಯನ್ನು ಅಪ್ಪ ಆಗಲೇ, ರೋಗದಿಂದ ಎದ್ದ ಕಾಲಿನಲ್ಲಿ, ಯಾರಿಗೂ ಹೇಳದೆ ತೀರಿಸಿಬಿಟ್ಟಿದ್ದ. ನಾನು ಮೂವತ್ತು ವರ್ಷ ಹೆದರಿದ್ದು ಇಲ್ಲದ ಹರಕೆಗೆ. ಗುಡಿಯ ಬಾಗಿಲ ಕಡೆ ನೋಡುತ್ತಾ ಕೂತೆ.

ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ತಮ್ಮ ನೋಡಿ, ಓದಿ, ಕೂಗಿಕೊಂಡ. "ಅಣ್ಣ, ಇವರ ಮನೆ ಹಾಳಾಗ! ಶಿರಾಳಕೊಪ್ಪ ಆದ್ಮೇಲೆ ವಾಹನ ಬಳಸಿದ ಸಂಶಯ ಐತಂತೆ. ವಿವರಣೆ ಕೊಡ್ಬೇಕಂತೆ. ಮೊಬೈಲು ನನ್ನ ಜೇಬಿನಾಗೆ ಬೈಕ್ ಮ್ಯಾಲಿತ್ತಲ್ಲ, ಅದಕ್ಕೆ. ನಾ ಸಾಕ್ಷಿ ಐದೀನಿ, ಈಗ್ಲೇ ಬರೀತೀನಿ ತಡಿ."

"ಬರೀಬ್ಯಾಡ ಬಿಡು" ಎಂದೆ.

"ಅಲ್ಲಣ್ಣ, ಇಷ್ಟು ಕಷ್ಟಪಟ್ಟು ನಡೆದು..."

"ಬಿಡು ಅಂದ್ನಲ್ಲ."

ಅವ್ವ ಎಣ್ಣೆ ಹಚ್ಚುತ್ತಲೇ ಇದ್ದಳು. ಅವಳಿಗೀಗ ಎಪ್ಪತ್ತೆರಡು. ನನ್ನ ಪಕ್ಕದಲ್ಲಿ ಇನ್ನೆಷ್ಟು ದೂರ ಕೂತಿರುತ್ತಾಳೋ ಗೊತ್ತಿಲ್ಲ. ಅಪ್ಪನನ್ನು ಹಾಗೆಯೇ ಇಳಿಸಿ ಕಳಿಸಿದ್ದು ಸಾಕು ಎನ್ನಿಸಿತು.

"ಅವ್ವ" ಎಂದೆ. "ಅವತ್ತು ನಾ ಪೂರ್ತಿ ನಡೀಲಿಲ್ಲ. ಲಾರಿ ಹತ್ತಿದ್ದೆ."

ತಮ್ಮ ಮೊಬೈಲಿನಿಂದ ತಲೆ ಎತ್ತಿದ. ಅವ್ವನ ಬೆರಳು ಅಂಗಾಲಿನ ಮೇಲೆ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಲಿಲ್ಲ.

"ಎಲ್ಲಿ ಹತ್ತಿದ್ದೆ?" ಎಂದಳು.

"ಶಿರಾಳಕೊಪ್ಪದಾಗೆ. ಅಕ್ಕಿ ಗಿರಣಿ ಮುಂದೆ."

"ಹಂ" ಎಂದಳು ಅವ್ವ. "ಇನ್ನೊಂದು ಕಾಲು ಕೊಡು."